ಉನ್ಮತ್ತವೂ ಉಬ್ಬಸವೂ

ಅಮರಕೋಶದಲ್ಲಿ ದತ್ತೂರದ ಗಿಡಕ್ಕೆ ಉನ್ಮತ್ತ, ಕಿತವ, ಧೂರ್ತ ಎಂಬ ಪರ್ಯಾಯನಾಮಗಳು ಹೇಳಲ್ಪಟ್ಟಿವೆ. ಕನ್ನಡದ ಉಮ್ಮತ್ತವು ಇವುಗಳಲ್ಲಿ ಮೊದಲನೆಯದರ ತದ್ಭವ. ತಿಂದವನಿಗೆ ಹಿಡಿಯುವ ಹುಚ್ಚನ್ನೂ ತಿನ್ನಿಸಿದವನ ವಂಚನೆಯನ್ನೂ ಕಂಡೇ ಪ್ರಾಚೀನರು ಈ ಹೆಸರುಗಳನ್ನಿಟ್ಟರೆಂದು ತೋರುತ್ತದೆ. ಇದರ ಹೊಗೆಯು ಉಬ್ಬಸವನ್ನು ತಗ್ಗಿಸುವುದೆಂಬ ಸಂಗತಿಯು ಆ ಹೆಸರುಗಳಲ್ಲಿಲ್ಲ. ಈ ಉಪಕಾರವನ್ನು ಆ ಹುಚ್ಚಿನಿಂದ ಬೇರ್ಪಡಿಸುವುದಕ್ಕೆ ಪಾಶ್ಚಾತ್ಯವೈದ್ಯಕ್ಕೆ ಹೆಚ್ಚುಕಡಿಮೆ ನೂರೆಪ್ಪತ್ತು ವರ್ಷ ಹಿಡಿಯಿತು.

ಮದರಾಸಿನಲ್ಲಿ ಕಂಪೆನಿಯ ಮುಖ್ಯವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್ ಎಂಬಾತನು ಉಬ್ಬಸರೋಗಿಗಳಿಗೆ ದತ್ತೂರದ ಹೊಗೆಯನ್ನು ಸೇದಿಸುತ್ತಿದ್ದನು. 1802ರಲ್ಲಿ ಜನರಲ್ ಜೆಂಟನು ಈ ಚಿಕಿತ್ಸೆಯನ್ನು ಅಲ್ಲಿಂದ ಬ್ರಿಟನ್ನಿಗೆ ಒಯ್ದನು. ಬ್ರಿಟನ್ನಿನ ವೈದ್ಯರು ಭಾರತದ ಗಿಡಕ್ಕೆ ಬದಲಾಗಿ ತಮ್ಮ ನೆಲದಲ್ಲಿಯೇ ಬೆಳೆಯುವ ಅದರ ಜ್ಞಾತಿಯನ್ನು ಬಳಸತೊಡಗಿದರು. ಮುಂದೆ ದತ್ತೂರದ ಸಿಗರೇಟುಗಳು ಇಪ್ಪತ್ತನೆಯ ಶತಮಾನದವರೆಗೂ ಯೂರೋಪಿನ ಔಷಧದಂಗಡಿಗಳಲ್ಲಿ ಮಾರಾಟವಾದವು. ವೈದ್ಯಚರಿತ್ರೆಯಲ್ಲಿ ಆಂಡರ್ಸನ್, ಜೆಂಟರ ಹೆಸರುಗಳು ಉಳಿದಿವೆ. ಈ ಹೊಗೆಯ ಗುಣವನ್ನು ಮೊದಲೇ ಅರಿತಿದ್ದ ನಾಡವೈದ್ಯರ ಹೆಸರುಗಳು ಮಾತ್ರ ಕಾಣಬರುವುದಿಲ್ಲ.

ಹೊಗೆಯು ಮಾಡುತ್ತಿದ್ದ ಕೆಲಸವೇನೆಂಬುದು ಬಹುಕಾಲದ ಮೇಲೆ ತಿಳಿಯಿತು. ಶ್ವಾಸನಾಳಗಳನ್ನು ಸುತ್ತಿರುವ ಸ್ನಾಯುಗಳನ್ನು ವೇಗಸ್ ಎಂಬ ನರವು ಬಿಗಿಮಾಡುತ್ತದೆ. ಈ ನರವು ತನ್ನ ಆಜ್ಞೆಯನ್ನು ಒಂದು ರಾಸಾಯನಿಕ ದ್ರವ್ಯದ ಮೂಲಕ ಕಳುಹುವುದೆಂದು ಆಟೊ ಲೋವಿಯು 1921ರಲ್ಲಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ನಡೆಸಿ ತೋರಿಸಿದನು. ಆ ದ್ರವ್ಯವೇ ಅಸಿಟೈಲ್‌ಕೋಲಿನ್. ಗೈಗರ್ ಮತ್ತು ಹೆಸ್ಸೆ ಎಂಬವರು 1833ರಲ್ಲಿಯೇ ಬೆಲಡೊನ್ನ ಗಿಡದಿಂದ ಅಟ್ರೊಪಿನ್ ಎಂಬ ಸತ್ತ್ವವನ್ನು ತೆಗೆದಿದ್ದರು. ದತ್ತೂರದಲ್ಲಿರುವುದೂ ಅದರ ಬಳಗವೇ. ಈ ಸತ್ತ್ವವು ನರದ ಆಜ್ಞೆಯು ಸ್ನಾಯುವಿಗೆ ಮುಟ್ಟದಂತೆ ತಡೆಯುತ್ತದೆ; ಬಿಗಿ ಸಡಿಲಿ ಉಸಿರಿಗೆ ದಾರಿಯಾಗುತ್ತದೆ. ಆದರೆ ಅದು ರಕ್ತದೊಡನೆ ಮೆದುಳನ್ನೂ ಹೊಕ್ಕು ಅಲ್ಲಿಯೂ ಇದೇ ತಡೆಯನ್ನೊಡ್ಡುವುದು. ಉನ್ಮತ್ತವೆಂಬ ಹೆಸರಿಗೆ ಕಾರಣವಾದ ಭ್ರಮೆಯು ಇದೇ.

ಅಟ್ರೊಪಿನ್ನಿನ ನೈಟ್ರೊಜನ್ ಪರಮಾಣುವಿಗೆ ಇನ್ನೊಂದು ಅಣುಗುಂಪನ್ನು ಕೂಡಿಸಿ, ಅದಕ್ಕೆ ಸ್ಥಿರವಾದ ವಿದ್ಯುದಂಶವನ್ನು ಕೊಟ್ಟು ರಚಿಸಿದ ಇಪ್ರಟ್ರೋಪಿಯಂ 1970ರ ದಶಕದಲ್ಲಿ ಬಳಕೆಗೆ ಬಂದಿತು. ಉಸಿರಿನೊಡನೆ ಎಳೆದುಕೊಂಡ ಈ ಮದ್ದು ರಕ್ತಕ್ಕೆ ಅಲ್ಪವಾಗಿ ಮಾತ್ರ ಸೇರುತ್ತದೆ. ಸೇರಿದುದೂ ಮೆದುಳನ್ನು ಹೊಗಲಾರದು. ಮದ್ದು ಉಳಿಯಿತು, ಉನ್ಮಾದವು ಕಳಚಿತು.

ಉಬ್ಬಸದ ಸದ್ಯೋಪಶಮನಕ್ಕೆ, ಸ್ನಾಯುವನ್ನು ಬೇರೊಂದು ಮಾರ್ಗದಿಂದ ಸಡಿಲಿಸುವ, 1969ರಲ್ಲಿ ಬಂದ ಸಾಲ್ಬುಟಮಾಲ್ ಹೆಚ್ಚು ಶೀಘ್ರಕಾರಿ. ದತ್ತೂರದ ಸಂತತಿಗೆ ಹೆಚ್ಚಿನ ಮನ್ನಣೆ ದೊರೆತಿರುವುದು ಬಹುಮಟ್ಟಿಗೆ ತಂಬಾಕಿನ ಹೊಗೆಯಿಂದ ಬರುವ ದೀರ್ಘಕಾಲದ ಪುಪ್ಪುಸರೋಗದಲ್ಲಿ. ಅಲ್ಲಿ ನಾಳಗಳ ಸಂಕೋಚದಲ್ಲಿ ಹಿಂದಿರುಗಿಸಬಹುದಾದ ಭಾಗವು ವೇಗಸ್ಸಿನ ಬಿಗಿತವೇ ಆಗಿರುವುದುಂಟು. ಇದೇ ವಂಶದ ಟಯೊಟ್ರೋಪಿಯಂ ದಿನಕ್ಕೊಮ್ಮೆ ಸೇವಿಸಿದರೆ ಇಡೀ ದಿನ ನಿಲ್ಲುತ್ತದೆ. ಆದರೆ ಉಬ್ಬಸದ ಮೂಲವಾದ ನಾಳಗಳ ಉರಿಯೂತವನ್ನು ಈ ಸಡಿಲಕಾರಿಗಳು ಶಮನಮಾಡಲಾರವು. ಅದಕ್ಕೆ ಉಸಿರಿನೊಡನೆ ಸೇವಿಸುವ ಸ್ಟೀರಾಯ್ಡುಗಳೇ ಬೇಕಾಗುತ್ತವೆ.