ಅಪ್ಪನ ಬುಕ್ಕಿಂಗು, ನನ್ನ ಚೇತಕ್ಕು

ಹಿಂಜವಡಿಯಲ್ಲಿ ಕೆಲಸ ಸಿಕ್ಕಿತು ಅಂತ ಬಾಗಲಕೋಟೆಯಿಂದ ಅಕ್ಕನ ಮಗಳು ಬಂದಿದ್ದಾಳೆ. ಸದ್ಯಕ್ಕೆ ನಿಗಡಿಯ ನಮ್ಮ ಮನೆಯಲ್ಲೇ ಠಿಕಾಣಿ. ಮೊನ್ನೆ ಚಹಾ ಕುಡಿಯುತ್ತಾ, "ಮಾಮಾ, ಎಂಬತ್ತು ಸಾವಿರದಾಗ ಒಂದು ಗಾಡಿ ಹೇಳು. ಸೋವಿನೂ ಇರಬೇಕು, ಹೊಡ್ಯಾಕ ಮಜಾನೂ ಬರಬೇಕು" ಅಂದಳು.

ನಾನು ಸುಮ್ಮನೆ ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಆಕುರ್ಡಿಯ ಬಜಾಜ್ ಕಾರ್ಖಾನೆಯ ಗೋಡೆ ನೋಡಿಕೊಂಡೇ ಬದುಕಿದವನಿಗೆ ಸ್ಕೂಟರ್ ಅಂದರೆ ಅಷ್ಟು ಬೇಗ ಮಾತು ಮುಗಿಯುತ್ತದೆಯೇ? ಅದೂ ಕೇಳಿದವಳು ಈ ಹುಡುಗಿ. ಅದಕ್ಕೊಂದು ಕಾರಣವಿದೆ, ಆಮೇಲೆ ಹೇಳುತ್ತೇನೆ.

ಬಜಾಜ್ ಮನೆತನದ ಕಂಪನಿ ಇಟಲಿಯಿಂದ ವೆಸ್ಪಾ ತರಿಸಿ ಮಾರಲು ಶುರು ಮಾಡಿದ್ದು 1948ರಲ್ಲಿ. ಇಲ್ಲೇ ತಯಾರಿಸಲು ಸರಕಾರದ ಪರವಾನಗಿ ಸಿಕ್ಕಿದ್ದು 1959ರಲ್ಲಿ. ಪಿಯಾಜಿಯೋ ಕಂಪನಿಯ ಜೊತೆಗಿನ ಒಪ್ಪಂದ 1971ರಲ್ಲಿ ಮುಗಿಯಿತು, ಮುಂದುವರಿಸಲು ಸರಕಾರ ಒಪ್ಪಲಿಲ್ಲ. ಮರುವರ್ಷವೇ ಅದೇ ಮೈಕಟ್ಟಿನ ಗಾಡಿ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟುಕೊಂಡು ಚೇತಕ್ ಆಗಿ ಹೊರಬಂತು. 1975ರಲ್ಲಿ ಮಹಾರಾಷ್ಟ್ರ ಸರಕಾರದ ನಿಗಮದ ಜೊತೆ ಸೇರಿ ಕಟ್ಟಿದ ಮಹಾರಾಷ್ಟ್ರ ಸ್ಕೂಟರ್ಸ್ ಕಂಪನಿ ಸಾತಾರಾದಲ್ಲಿ ಪ್ರಿಯಾ ತಯಾರಿಸತೊಡಗಿತು.

ಗಾಡಿ ಇತ್ತು, ಕೊಳ್ಳುವವರೂ ಇದ್ದರು. ಆದರೆ ಎಷ್ಟು ಗಾಡಿ ಮಾಡಬೇಕು ಅನ್ನುವುದು ದಿಲ್ಲಿಯ ಲೈಸೆನ್ಸಿನಲ್ಲಿ ಬರೆದಿರುತ್ತಿತ್ತು. ಬೇಡಿಕೆ ಹೆಚ್ಚಿದೆ ಅಂತ ಹೆಚ್ಚು ಮಾಡುವ ಹಾಗಿಲ್ಲ. ಹಾಗಾಗಿ ಪಾಳಿ. ಡಾಲರ್ ಕೊಟ್ಟವರಿಗೆ ಬೇಗ, ಉಳಿದವರಿಗೆ ಎಂಟು ವರ್ಷ, ಹತ್ತು ವರ್ಷ.

ನಮ್ಮಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. 1976ರಲ್ಲಿ ಪೋಸ್ಟಾಫೀಸಿನಲ್ಲಿ 250 ರೂಪಾಯಿ ಠೇವಣಿ ಇಟ್ಟು ಚೇತಕ್ ಬುಕ್ ಮಾಡಿದರು. ಆ ಕಾಗದ ಟ್ರಂಕಿನಲ್ಲಿ, ಜಮೀನಿನ ಪತ್ರದ ಜೊತೆಗೇ ಇರುತ್ತಿತ್ತು. ಆರಿಸಲು ಏನೂ ಇರಲಿಲ್ಲವಲ್ಲ, ಅಪ್ಪ ಬಣ್ಣ ಒಂದನ್ನು ಆರಿಸಿಟ್ಟಿದ್ದರು. ತಿಳಿ ನೀಲಿ. (ಬಂದ ಬಣ್ಣ ತಗೊಂಡು ಹೋಗಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ.)

ಪಾಳಿ ಬಂದದ್ದು 1986ರಲ್ಲಿ. ಅದೇ ವರ್ಷ ಅಕ್ಕನ ಮದುವೆ. ಆಗ ಇದೆಲ್ಲ ನಡೆಯುತ್ತಿತ್ತು... ಊರಿನ ಅಡತಿ ಅಂಗಡಿಯವರೊಬ್ಬರು ಮೇಲೆ ದುಡ್ಡು ಕೊಟ್ಟು ಆ ಅಲಾಟ್‌ಮೆಂಟ್ ಪತ್ರ ಕೊಂಡರು. ಆ ದುಡ್ಡು ಮಂಟಪಕ್ಕೆ, ಊಟಕ್ಕೆ ಹೋಯಿತು. ಅಪ್ಪ ರಿಟೈರ್ ಆಗುವವರೆಗೂ ಸೈಕಲ್ಲೇ ತುಳಿದರು. ಅಡತಿಯವರು ಆ ಗಾಡಿ ಮೇಲೆ ಎದುರಾದಾಗ ನಮಸ್ಕಾರ ಮಾಡುತ್ತಿದ್ದರಂತೆ, ಅಪ್ಪನೂ ಮಾಡುತ್ತಿದ್ದರು.

ನಾನು 1988ರಲ್ಲಿ ಭೋಸರಿಯ ಒಂದು ಸಣ್ಣ ವರ್ಕ್‌ಶಾಪಿಗೆ ಸೇರಿದೆ. ನಿಗಡಿಯಲ್ಲಿ ಒಂದು ಖೋಲಿ ಬಾಡಿಗೆಗೆ. ಹಳೆ ಮುಂಬೈ ರಸ್ತೆಯಲ್ಲಿ ಬಸ್ಸಿಗೆ ನಿಂತರೆ, ಹೊಚ್ಚ ಹೊಸ ಸ್ಕೂಟರುಗಳನ್ನು ಸಾಲಾಗಿ ಕಟ್ಟಿಕೊಂಡ ಲಾರಿಗಳು ಮುಂದೆಯೇ ಹೋಗುತ್ತಿದ್ದವು. ತಿಳಿ ನೀಲಿ ಕಂಡರೆ ಒಂದು ಕ್ಷಣ ಕತ್ತು ತಿರುಗುತ್ತಿತ್ತು.

ಆ ಹೊತ್ತಿಗೆ ಆಯ್ಕೆ ಶುರುವಾಗಿತ್ತು. ಕಾನ್ಪುರದ ಎಲ್‌ಎಂಎಲ್ ವೆಸ್ಪಾ ಬಂದಿತ್ತು. ನಮ್ಮ ಚಿಂಚವಡದ ಫಿರೋದಿಯಾ ಅವರ ಕೈನೆಟಿಕ್ ಹೋಂಡಾ 1984ರಿಂದಲೇ ಇತ್ತು. ಗೇರಿಲ್ಲ, ಗುಂಡಿ ಒತ್ತಿದರೆ ಸ್ಟಾರ್ಟು! ನಮ್ಮಂಥವರು ಅದನ್ನು ನೋಡಿ "ಇದೇನು ಗಾಡಿನೋ ಮಿಕ್ಸರೋ" ಅಂತ ನಗುತ್ತಿದ್ದೆವು. ಗೇರು ಹಾಕದೆ ಗಂಡಸು ಗಾಡಿ ಓಡಿಸುವುದುಂಟೇ ಅನ್ನುವ ಕಾಲ. ಅದೇ ಮನೆತನದ ಲೂನಾ ಅಂತೂ 1972ರಿಂದಲೂ ಇತ್ತು. 50 ಸಿಸಿ, ಪೆಡಲ್ ಇದ್ದದ್ದು, ಪೆಟ್ರೋಲ್ ಮುಗಿದರೆ ಸೈಕಲ್ ಹಾಗೆ ತುಳಿದು ಮನೆ ಸೇರಬಹುದು.

1992ರಲ್ಲಿ ನಾನು ಕೊಂಡದ್ದು ಮಾತ್ರ ಚೇತಕ್ಕೇ, ಸೆಕೆಂಡ್ ಹ್ಯಾಂಡು. ಯಮುನಾನಗರದ ಒಬ್ಬರು ಮಾರಿದರು. ಸೋವಿ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ. ಎರಡು ಸ್ಟ್ರೋಕಿನ 145 ಸಿಸಿ ಎಂಜಿನ್, ಒಳಗೆ ಕೆಡುವ ಭಾಗಗಳೇ ಕಡಿಮೆ. ಕ್ಲಚ್ ವೈರ್ ತುಂಡಾದರೆ ರಸ್ತೆ ಬದಿಯಲ್ಲೇ ಹಾಕಬಹುದು, ಪಂಕ್ಚರ್ ಆದರೆ ಸ್ಟೆಪ್ನಿ ಜೊತೆಗೇ ಇದೆ. ಪೆಟ್ರೋಲಿಗೆ ಆಯಿಲ್ ಬೆರೆಸುವುದು, ಪ್ಲಗ್ ಬಿಚ್ಚಿ ಮರಳು ಕಾಗದದಿಂದ ಉಜ್ಜುವುದು, ಬೆಳಿಗ್ಗೆ ಒಂದು ಬದಿಗೆ ವಾಲಿಸಿ ಆಮೇಲೆ ಕಿಕ್ ಹೊಡೆಯುವುದು. ನಿಮ್ಮಲ್ಲಿ ಎಷ್ಟು ಜನರಿಗೆ ಈ ಪೂಜಾವಿಧಿ ನೆನಪಿದೆ?

ಮಜಾ? ಅದು ಬೇರೆ ಕಥೆ. ಎಂಜಿನ್ ಬಲಬದಿಗೆ ಜೋತುಬಿದ್ದ ತಗಡಿನ ಭಾರದ ಗಾಡಿ, ಸಣ್ಣ ಚಕ್ರ, ಮಳೆಗಾಲದಲ್ಲಿ ಬ್ರೇಕ್ ಹಾಕಿದರೆ ದೇವರೇ ಗತಿ. ಕಾಮಶೇತ ಹತ್ತಿರ ಒಮ್ಮೆ ಮಣ್ಣಿನಲ್ಲಿ ಜಾರಿ ನಾವಿಬ್ಬರೂ ಬಿದ್ದೆವು. ತಪ್ಪು ನನ್ನದೇ. ಆಮೇಲೆ ಹೆಂಡತಿ ಹಿಂದೆ ಕೂರಲಿಲ್ಲ. ಭಿಶಿ ದುಡ್ಡಿನಲ್ಲಿ ತಾನೇ ಒಂದು ಹಳೆ ಲೂನಾ ತಂದಳು. ಎರಡೇ ದಿನದಲ್ಲಿ ಕಲಿತು ಪ್ರಾಧಿಕರಣದ ಖಾಲಿ ರಸ್ತೆಗಳಲ್ಲಿ ಸೆರಗು ಸಿಕ್ಕಿಸಿಕೊಂಡು ಸುತ್ತುತ್ತಿದ್ದಳು. ನನ್ನ ಚೇತಕ್ಕಿಗೆ ಮರ್ಯಾದೆ ಇತ್ತು, ಅವಳ ಲೂನಾಕ್ಕೆ ಮಜಾ ಇತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಹತ್ತು ವರ್ಷ ಬೇಕಾಯಿತು.

ಅವಳು ಸರಿ, ನಾನು ತಪ್ಪು ಅಂತ ಮಾರುಕಟ್ಟೆಯೂ ಹೇಳಿತು. 1998ರಲ್ಲಿ ಕೈನೆಟಿಕ್‌ನಿಂದ ಬೇರೆಯಾದ ಹೋಂಡಾ 2001ರಲ್ಲಿ ಆಕ್ಟಿವಾ ತಂದಿತು. ಗೇರಿಲ್ಲದ ಆ "ಮಿಕ್ಸರ್" ದೇಶವನ್ನೇ ಆಳಿತು. ಆಕುರ್ಡಿಯಲ್ಲಿ 2007ರಲ್ಲಿ ಗಾಡಿ ತಯಾರಿಕೆ ನಿಂತಾಗ ಟಿಳಕ ಚೌಕದ ಉಡುಪಿ ಹೋಟೆಲಿನಲ್ಲಿ ಬೇರೆ ಮಾತೇ ಇರಲಿಲ್ಲ. 2009ರಲ್ಲಿ ಬಜಾಜ್ ಸ್ಕೂಟರಿಗೇ ಕೈಮುಗಿಯಿತು. ಆಮೇಲೆ 2020ರಲ್ಲಿ ಚೇತಕ್ ವಿದ್ಯುತ್ ಗಾಡಿಯಾಗಿ ಮರಳಿ ಬಂದದ್ದು ಮೊದಲು ಎರಡೇ ಊರಿಗೆ: ಪುಣೆ ಮತ್ತು ಬೆಂಗಳೂರು. ನಮಗೇ ಅಂತ ಬಂದ ಹಾಗೆ! 2022ರ ಜೂನ್‌ನಿಂದ ಅದು ಮತ್ತೆ ಆಕುರ್ಡಿಯ ಗೋಡೆಯೊಳಗೇ ತಯಾರಾಗತೊಡಗಿತು. ಅಷ್ಟರಲ್ಲಿ ರಾಹುಲ್ ಬಜಾಜ್ ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

ಇರಲಿ, ಹುಡುಗಿಯ ವಿಷಯ. ಬಜೆಟ್ಟಿಗೆ ವಿದ್ಯುತ್ ಚೇತಕ್ ನಿಲುಕಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದರಿಂದ 110 ಸಿಸಿಯ ಪೆಟ್ರೋಲ್ ಗಾಡಿಗಳು ಕೈಗೆ ಬಂದವು. ನಾನು ಹೇಳಿದ್ದು ಇಷ್ಟೇ: ಸೀಟಿನ ಮೇಲೆ ಕೂತರೆ ಎರಡೂ ಕಾಲು ಊರಬೇಕು, ಸೆಂಟರ್ ಸ್ಟ್ಯಾಂಡಿಗೆ ನೀನೊಬ್ಬಳೇ ಹಾಕಬೇಕು, ಮುಂದಿನ ಚಕ್ರ ದೊಡ್ಡದಿರಲಿ, ಟ್ರಯಲ್ ಕೊಟ್ಟಾಗ ಮಾಮಿಯನ್ನು ಹಿಂದೆ ಕೂರಿಸಿಕೊಂಡು ದುರ್ಗಾ ಟೇಕಡಿಯ ಏರು ಹತ್ತಿಸು. ಮೂರು ಗಾಡಿ ಹತ್ತಿಸಿದರು. ಒಂದರಿಂದ ಇಳಿದಾಗ ಇಬ್ಬರೂ ನಗುತ್ತಿದ್ದರು. ಅದೇ ಆಯಿತು.

ಅಂಗಡಿಯವನು "ಪರ್ವಾ ಯಾ" ಅಂದ. ಮುಂಗಡದ ರಸೀದಿಯನ್ನು ಅವಳು ಮೊಬೈಲಿನಲ್ಲಿ ಫೋಟೋ ತೆಗೆದು ಊರಿಗೆ ಕಳಿಸಿದಳು. ಅಕ್ಕ ಬಹಳ ಹೊತ್ತು ಏನೂ ಬರೆಯಲಿಲ್ಲ. ರಾತ್ರಿ ನನಗೆ ಫೋನ್ ಬಂತು.

"ಬಣ್ಣ ಯಾವ್ದು ತಗೊಂಡ್ಳೋ?" ಅಂತ ಕೇಳಿದಳು.