ಹಕ್ಕಿಯ ಒಳಕಿವಿಯ ನರಗಳು: ಪಾರಿವಾಳದಿಂದ ಗೂಬೆ, ಕೋಳಿಯವರೆಗೆ

ಬಳ್ಳಾರಿ ಕೋಟೆಗುಡ್ಡದ ಬಂಡೆಸಂದಿನಲ್ಲಿ ಗೂಡು ಕಟ್ಟುವ ಪಾರಿವಾಳ, ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಇಲಿಗೆ ಹೊಂಚುಹಾಕುವ ಕಣಜ ಗೂಬೆ, ಕುರುಗೋಡಿನ ಹಿತ್ತಿಲಲ್ಲಿ ಕೆದಕುವ ಕೋಳಿ. ಹಕ್ಕಿಯ ಒಳಕಿವಿಯ ನರಗಳ ಬಗ್ಗೆ ಇನ್ನೂರು ವರ್ಷಗಳಲ್ಲಿ ಕೂಡಿಬಂದ ತಿಳಿವಳಿಕೆಯ ದೊಡ್ಡ ಪಾಲು ಈ ಮೂರು ಜಾತಿಯ ಹಕ್ಕಿಗಳಿಂದ ಬಂದದ್ದು. ಒಂದೊಂದು ಪ್ರಶ್ನೆಗೆ ಒಂದೊಂದು ಹಕ್ಕಿ ಒದಗಿಬಂತು.

ಮೊದಲ ಸರದಿ ಪಾರಿವಾಳದ್ದು. 1820ರ ದಶಕದಲ್ಲಿ ಫ್ರಾನ್ಸಿನ ಫ್ಲೂರೆನ್ಸ್ ಅದರ ಒಳಕಿವಿಯ ಅರ್ಧವೃತ್ತ ನಾಳಗಳನ್ನು ಕತ್ತರಿಸಿ ನೋಡಿದ. ಹಕ್ಕಿಗೆ ಕಿವಿ ಕೇಳಿಸುತ್ತಿತ್ತು; ಆದರೆ ಯಾವ ನಾಳ ಕತ್ತರಿಸಿದ್ದನೋ ಅದೇ ದಿಕ್ಕಿಗೆ ತಲೆ ತೂಗಾಡುತ್ತಿತ್ತು. ಎಂಟನೆಯ ಕಪಾಲ ನರ ಶಬ್ದದ ಜೊತೆಗೆ ಸಮತೋಲದ ಸುದ್ದಿಯನ್ನೂ ಒಯ್ಯುತ್ತದೆಂಬ ಅರಿವಿಗೆ ಇದು ಬುನಾದಿಯಾಯಿತು. 1884ರಲ್ಲಿ ಸ್ವೀಡನ್ನಿನ ರೆಟ್ಜಿಯಸ್ ಹಕ್ಕಿಗಳ ಒಳಕಿವಿಯ ರಚನೆಯನ್ನು ವಿವರವಾಗಿ ಚಿತ್ರಿಸಿದ. ಶಬ್ದ ಗ್ರಹಿಸುವ ಒಳಕಿವಿಯ ಭಾಗವಾದ ನಮ್ಮ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿದ್ದರೆ, ಹಕ್ಕಿಯದು ತುಸು ಬಾಗಿದ ಕಿರುನಾಳ.

ಆ ನಾಳದೊಳಗೆ ಶಬ್ದದ ಕಂಪನವನ್ನು ಗ್ರಹಿಸುವ ರೋಮಕೋಶಗಳಿಗೆ ನರಗಳು ಹೇಗೆ ಸೇರುತ್ತವೆ? 1961ರಲ್ಲಿ ಬೋರ್ಡ್, ಮಿದುಳಿನಿಂದ ಕಿವಿಯತ್ತ ಹಿಮ್ಮುಖವಾಗಿ ಹೋಗುವ ನರಗಳನ್ನು ಪಾರಿವಾಳದಲ್ಲಿ ತೋರಿಸಿದ. 1971ರಲ್ಲಿ ತಕಸಾಕ ಮತ್ತು ಸ್ಮಿತ್, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಎರಡು ಬಗೆಯ ಕೋಶಗಳನ್ನು ಬೇರ್ಪಡಿಸಿದರು. ಎತ್ತರದ ಕೋಶಗಳಿಗೆ ಮುಖ್ಯವಾಗಿ ಮಿದುಳಿಗೆ ಸುದ್ದಿ ಒಯ್ಯುವ ನರಗಳು. ಗಿಡ್ಡ ಕೋಶಗಳಿಗೆ ಮುಖ್ಯವಾಗಿ ಮಿದುಳಿನಿಂದ ಬರುವ ನರಗಳು. 1990ರ ದಶಕದಲ್ಲಿ ಫಿಶರ್ ಇನ್ನೂ ವಿಚಿತ್ರವಾದುದನ್ನು ಕಂಡ: ಹಲವು ಗಿಡ್ಡ ಕೋಶಗಳಿಗೆ ಸುದ್ದಿ ಒಯ್ಯುವ ನರ ಒಂದೂ ಇಲ್ಲ! ಕೇಳಿದ್ದನ್ನು ಮಿದುಳಿಗೆ ಹೇಳದ ಕೋಶ ಕಿವಿಯಲ್ಲೇಕೆ? ಬಂದ ಕಂಪನವನ್ನು ಅದು ಹಿಗ್ಗಿಸಿಕೊಡುತ್ತಿರಬಹುದೆಂಬುದು ಈಗ ಬಲವಾದ ಊಹೆ.

ಅಷ್ಟರಲ್ಲಿ ಗೂಬೆಯ ಸರದಿ ಬಂದಿತ್ತು. ಕಣಜ ಗೂಬೆ ಗಾಢ ಕತ್ತಲಲ್ಲೂ ಸದ್ದು ಹಿಡಿದೇ ಇಲಿಯ ಮೇಲೆರಗಬಲ್ಲದೆಂದು 1971ರಲ್ಲಿ ಪೇನ್ ಸಾಬೀತುಪಡಿಸಿದ. 1978ರಲ್ಲಿ ನಡ್ಸನ್ ಮತ್ತು ಕೊನಿಷಿ ಅದರ ಮಿದುಳಿನಲ್ಲಿ ಶಬ್ದದ ದಿಕ್ಕುಗಳ ನಕಾಶೆಯನ್ನೇ ಕಂಡರು. ಆ ನಕಾಶೆಗೆ ಮಾಹಿತಿ ಒದಗಿಸುವ ನರತಂತುಗಳನ್ನು 1997ರಲ್ಲಿ ಕ್ರಿಸ್ಟೀನ್ ಕೋಪ್ಲ್ ಎಣಿಸಿದರು: ಕಿವಿಯೊಂದಕ್ಕೆ ಸುಮಾರು 31,000, ಹೆಚ್ಚುಕಡಿಮೆ ಮನುಷ್ಯನ ಕಿವಿಯಷ್ಟೇ. ಗೂಬೆಯ ರೋಮಕೋಶಗಳಿರುವ ಶ್ರವಣಪಟ್ಟಿಯ ಉದ್ದ 11 ಮಿಲಿಮೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು 5ರಿಂದ 10 ಕಿಲೋಹರ್ಟ್ಸ್ ಸ್ವರಗಳಿಗೇ ಮೀಸಲು. ಒಣಹುಲ್ಲಿನಡಿ ಇಲಿ ಸರಿದಾಡಿದರೆ ಅದರ ಸದ್ದಿನಲ್ಲಿ ಇಂಥ ಏರುಸ್ವರಗಳೂ ಇರುತ್ತವೆ.

ಚಿಕಿತ್ಸೆಯ ಆಸೆ ಹುಟ್ಟಿಸಿದ್ದು ಕೋಳಿ. ಗದ್ದಲದಿಂದ ನಾಶವಾದ ರೋಮಕೋಶಗಳು ಕೋಳಿಮರಿಯಲ್ಲೂ ಲಾವಕ್ಕಿಯಲ್ಲೂ ಮರಳಿ ಹುಟ್ಟುತ್ತವೆಂದು 1988ರಲ್ಲಿ ಎರಡು ತಂಡಗಳು ವರದಿ ಮಾಡಿದವು. ಹೊಸ ಕೋಶಗಳನ್ನು ನರಗಳು ಮತ್ತೆ ಬೆಸೆದುಕೊಳ್ಳುತ್ತವೆ, ಕೇಳುವ ಶಕ್ತಿಯೂ ಬಹುಪಾಲು ಮರಳುತ್ತದೆ ಎಂಬುದು ಮುಂದೆ ತಿಳಿಯಿತು. ಆದರೆ ವಯಸ್ಕ ಮನುಷ್ಯರ ಕಾಕ್ಲಿಯಾದಲ್ಲಿ ಸತ್ತ ಕೋಶ ಸತ್ತದ್ದೇ.

ಅಲ್ಲಿ ಹೊಸ ಕೋಶ ಹುಟ್ಟಿಸಬೇಕಾದರೆ ಕಿವಿ ಮೊದಲು ಹೇಗೆ ಮೂಡುತ್ತದೆಂದು ತಿಳಿಯಬೇಕು. ಒಳಕಿವಿಯೂ ಅದರ ನರಕೋಶಗಳೂ ಭ್ರೂಣದಲ್ಲಿ ಒಂದೇ ಚರ್ಮದ ತೇಪೆಯಿಂದ ಮೂಡುತ್ತವೆ. ಅದಕ್ಕೆ ಚಾಲನೆ ಕೊಡುವ ಸಂಕೇತಗಳನ್ನು ರಾಜ್ ಲಾಧರ್ ಮತ್ತು ಸಂಗಡಿಗರು 2000ರಲ್ಲಿ ಕೋಳಿಯ ಭ್ರೂಣದಲ್ಲಿ ಗುರುತಿಸಿದರು. ಮುಂದೆ ಲಾಧರ್ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ಈ ಶೋಧವನ್ನು ಮುಂದುವರಿಸಿದರು. ಆದರೆ ಚಿಕಿತ್ಸೆಗೆ ಹೊಸ ಕೋಶ ಬೆಳೆಸುವುದಷ್ಟೇ ಸಾಲದು, ಅದಕ್ಕೆ ಸರಿಯಾದ ನರವೂ ಕೂಡಬೇಕು. ಕೋಳಿಗೆ ಸಲೀಸಾದ ಆ ಕೆಲಸವನ್ನು ಮನುಷ್ಯನ ಕಿವಿಯಲ್ಲಿ ಮಾಡಿಸುವುದೇ ಈ ಕ್ಷೇತ್ರದ ಮುಂದಿರುವ ಸವಾಲು.