ಕೈಫಿಯತ್ತಿನ ಕಾಗದ

1837ರಲ್ಲಿ ಮದರಾಸಿನ ಪಾದ್ರಿ ವಿಲಿಯಂ ಟೇಲರ್ ಅವರ ಮುಂದೆ ಹಸ್ತಪ್ರತಿಗಳ ದೊಡ್ಡ ರಾಶಿಯೊಂದಿತ್ತು. ಅವುಗಳಲ್ಲಿ ಏನಿದೆ ಎಂದು ಓದಿ ವರದಿ ಮಾಡುವ ಕೆಲಸ ಅವರಿಗೆ ಬಂದಿತ್ತು. ಓಲೆಗರಿಯ ಕಟ್ಟುಗಳ ಜೊತೆಗೆ ಕಾಗದದ ಪುಸ್ತಕಗಳೂ ಇದ್ದವು. ಆ ಕಾಗದಗಳಲ್ಲಿ ಹೆಚ್ಚಿನವಕ್ಕೆ ನಲವತ್ತು ವರ್ಷವೂ ಆಗಿರಲಿಲ್ಲ. ಆದರೂ ಹಲವು ಕಡೆ ಶಾಯಿ ಮಂಕಾಗಿತ್ತು, ಹಾಳೆಗಳಿಗೆ ಹುಳು ಬಿದ್ದಿತ್ತು. ಹಾಗೇ ಬಿಟ್ಟರೆ ಓದಲು ಏನೂ ಉಳಿಯುವುದಿಲ್ಲ ಎಂದು ಕಂಡು ಟೇಲರ್ ಕೆಲವು ಪುಸ್ತಕಗಳನ್ನು ಹೊಸದಾಗಿ ಪ್ರತಿ ಮಾಡಿಸಿದರು.

ಕರ್ನಾಟಕದ ಊರುಗಳ ಚರಿತ್ರೆ ಬರೆಯುವವರು ಇಂದಿಗೂ ಆಧರಿಸುವ ಕೈಫಿಯತ್ತುಗಳು ಇದೇ ರಾಶಿಗೆ ಸೇರಿದವು. ಅವುಗಳಲ್ಲಿ ಏನು ಬರೆದಿದೆ ಎಂಬ ಚರ್ಚೆ ಸಾಕಷ್ಟು ನಡೆದಿದೆ. ಯಾವುದರ ಮೇಲೆ ಬರೆದಿದೆ ಎಂದು ಕೇಳಿದವರು ಕಡಿಮೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಮೈಸೂರು ಸೀಮೆಯ ಮೋಜಣಿಗೆ ಕಾಲಿನ್ ಮೆಕೆಂಜಿಯನ್ನು ನೇಮಿಸಿತು. ಗಡಿ, ಕೆರೆ, ದಾರಿಗಳನ್ನು ಅಳೆಯುವುದರ ಜೊತೆಗೆ ಆತ ಪ್ರತಿ ಊರಿನ ಹಿಂದಿನ ಕಥೆಯನ್ನೂ ಕೂಡಿಸತೊಡಗಿದ. ಆತನಿಗೆ ಇಲ್ಲಿನ ಭಾಷೆಗಳು ಬರುತ್ತಿರಲಿಲ್ಲ. ನಿಜವಾದ ಕೆಲಸ ಮಾಡಿದವರು ತೆಲುಗು ಸೋದರರಾದ ಕಾವಲಿ ವೆಂಕಟ ಬೊರ್ರಯ್ಯ, ಲಕ್ಷ್ಮಯ್ಯ, ಹಳಗನ್ನಡ ಶಾಸನಗಳನ್ನು ಓದಿಕೊಟ್ಟ ಜೈನ ಪಂಡಿತ ಧರ್ಮಯ್ಯ ಮತ್ತು ಇವರಂಥ ಇನ್ನೂ ಹಲವರು. ಬೊರ್ರಯ್ಯ 1803ರಲ್ಲೇ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡರು. ಆಮೇಲೆ ಲಕ್ಷ್ಮಯ್ಯ ಮುಂದುವರಿಸಿದರು.

ಇವರು ಹಳ್ಳಿಗೆ ಹೋದಾಗ ಶಾನುಭೋಗರ ಮನೆಯಿಂದ ಹೊರಬರುತ್ತಿದ್ದ ಲೆಕ್ಕಪತ್ರಗಳಲ್ಲಿ ಕಡತವೂ ಒಂದು. ಇಂದು ಕಡತ ಎಂದರೆ ಕಚೇರಿಯ ಫೈಲು. ಆಗ ಅದು ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ ಇದನ್ನು ವಿವರಿಸಿದ್ದಾರೆ. ಬಟ್ಟೆ ಗಟ್ಟಿ. ಅಕ್ಷರವನ್ನು ಮಾತ್ರ ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಹೀಗೆ ಕಡತದಲ್ಲೋ ಹಿರಿಯರ ಬಾಯಲ್ಲೋ ಇದ್ದದ್ದು ಮೆಕೆಂಜಿಯ ಗುಮಾಸ್ತರ ಕೈಯಲ್ಲಿ ಕಾಗದಕ್ಕೆ ಇಳಿಯಿತು.

ಕಾಗದಕ್ಕೆ ಅದರದೇ ಕಷ್ಟಗಳಿದ್ದವು. ನಮ್ಮ ಕಡೆಯ ಕೈಕಾಗದವನ್ನು ಸೆಣಬು, ಹಳೆಯ ಹಗ್ಗ, ಗೋಣಿ, ಚಿಂದಿ ಬಟ್ಟೆಗಳನ್ನು ಕೊಳೆಸಿ ಕುಟ್ಟಿ ಮಾಡುತ್ತಿದ್ದರು. ಶಾಯಿ ಹರಡದಿರಲೆಂದು ಹಾಳೆಗೆ ಗಂಜಿ ಸವರಿ, ನುಣುಪಾಗುವಂತೆ ಕಲ್ಲಿನಿಂದ ಉಜ್ಜುತ್ತಿದ್ದರು. ಆ ಗಂಜಿಯೇ ಹುಳುಗಳಿಗೆ ಊಟ. ಮದರಾಸಿನ ಕಡಲ ತೇವ ಅದಕ್ಕೆ ನೆರವಾಗುತ್ತಿತ್ತು. ಇನ್ನು ಬೇಕಾದಷ್ಟು ಕಾಗದ ಸಿಗುವುದೂ ಈ ಕರಾವಳಿಯಲ್ಲಿ ಹಿಂದಿನಿಂದ ಸುಲಭವಿರಲಿಲ್ಲ. ಮದರಾಸಿನ ದಕ್ಷಿಣಕ್ಕಿರುವ ತರಂಗಂಬಾಡಿಯಲ್ಲಿ 1712ರಲ್ಲಿ ಮುದ್ರಣ ಯಂತ್ರ ಬಂದಾಗ, ತಮಿಳು ಹೊಸ ಒಡಂಬಡಿಕೆ ಅಚ್ಚು ಮಾಡುತ್ತಿದ್ದ ಮಿಷನರಿಗಳು ಕಾಗದ ಸಾಲದೆ ಅಕ್ಷರದ ಅಚ್ಚುಗಳನ್ನೇ ಚಿಕ್ಕದು ಮಾಡಿದರು. ಪಕ್ಕದ ಪೊರೈಯಾರಿನಲ್ಲಿ ಕಾಗದದ ಗಿರಣಿಯನ್ನೂ ಕಟ್ಟಿದರು. ಅದು ಹೆಚ್ಚು ಕಾಲ ನಡೆಯಲಿಲ್ಲ.

ಮೆಕೆಂಜಿ 1821ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. ಆತನ ಸಂಗ್ರಹವನ್ನು ಕಂಪನಿ ಹೆಂಡತಿಯಿಂದ 1 ಲಕ್ಷ ರೂಪಾಯಿಗೆ ಕೊಂಡಿತು. ಒಂದು ಪಾಲು ಲಂಡನ್ನಿಗೆ ಹೋಯಿತು. ಎಚ್.ಎಚ್. ವಿಲ್ಸನ್ 1828ರಲ್ಲಿ ಪಟ್ಟಿ ಪ್ರಕಟಿಸಿದ ಮೇಲೆ ದಕ್ಷಿಣದ ಭಾಷೆಗಳ ಪಾಲು ಮದರಾಸಿಗೆ ಮರಳಿತು. ಅದನ್ನು ಓದಿ ಚರಿತ್ರೆ ಸಿದ್ಧಪಡಿಸುವ ಕೆಲಸವನ್ನು ತನಗೆ ಕೊಡಿ ಎಂದು ಲಕ್ಷ್ಮಯ್ಯ ಕೇಳಿಕೊಂಡರು. ಆ ಕಾಗದಗಳನ್ನು ಅವರಷ್ಟು ಬಲ್ಲವರು ಬದುಕಿರಲಿಲ್ಲ. 1836ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಮಿತಿ ಬೇಡವೆಂದಿತು. ವಿಮರ್ಶೆಯ ಕೆಲಸ ಈ ನೆಲದ ಪಂಡಿತನಿಗೆ ಒಗ್ಗದು ಎಂಬುದು ಅದರ ಎಣಿಕೆ. ಮರುವರ್ಷ ಕೆಲಸ ಟೇಲರ್ ಕೈಗೆ ಹೋಯಿತು.

ಅದೇ ಮದರಾಸಿನಲ್ಲಿ ಕನ್ನಡದ ಅಚ್ಚುಗಳು ಆಗಲೇ ಓಡುತ್ತಿದ್ದವು. ಕಂಪನಿಯ ಅಧಿಕಾರಿಗಳಿಗೆ ಭಾಷೆ ಕಲಿಸಲು 1812ರಲ್ಲಿ ಹುಟ್ಟಿದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನ ಮುದ್ರಣಾಲಯದಿಂದ 1820ರಲ್ಲಿ ಮೆಕೆರೆಲ್‌ನ ಕನ್ನಡ ವ್ಯಾಕರಣ ಬಂದಿತ್ತು. ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದವು. ಆಡಳಿತಕ್ಕೆ ಬೇಕಾದ ಕನ್ನಡಕ್ಕೆ ಅಚ್ಚೂ ಕಾಗದವೂ ಸಿಕ್ಕಿದವು. ಊರಿನ ಕಥೆ ಹೇಳುವ ಕನ್ನಡ ಕಟ್ಟುಗಳಲ್ಲೇ ಉಳಿಯಿತು. ಪ್ರತಿಯೊಂದಕ್ಕೂ ಇದ್ದದ್ದು ಒಂದೋ ಎರಡೋ ಕೈಬರಹದ ಪ್ರತಿ. ಅದಕ್ಕೆ ಹುಳು ಬಿದ್ದರೆ ಆ ಊರಿನ ಕಥೆ ಅಲ್ಲಿಗೆ ಮುಗಿಯಿತು.

ಹಾಗಾಗದಂತೆ ನೋಡಿಕೊಂಡವರು ಪ್ರತಿಕಾರರು. ಟೇಲರ್ ಮಾಡಿಸಿದ ಪ್ರತಿಗಳಲ್ಲದೆ, ಸಿ.ಪಿ. ಬ್ರೌನ್ ಕೂಡ ತೆಲುಗು ಸೀಮೆಯ ದಾಖಲೆಗಳನ್ನು ಮತ್ತೆ ಬರೆಸಿ ಸಂಪುಟ ಕಟ್ಟಿಸಿದರು. ಬರೆದವರಲ್ಲಿ ಹೆಚ್ಚಿನವರ ಹೆಸರು ಯಾರಿಗೂ ನೆನಪಿಲ್ಲ. ಮಂಕಾದ ಅಕ್ಷರವನ್ನು ಊಹಿಸಿ ಬರೆಯಬೇಕಾದಾಗ ಊಹಿಸಿದವರು ಅವರು. ತೂತಾದ ಕಡೆ ಖಾಲಿ ಬಿಡಬೇಕೋ ತುಂಬಬೇಕೋ ಎಂದು ತೀರ್ಮಾನಿಸಿದವರೂ ಅವರೇ.

ಈ ಸಂಗ್ರಹಗಳಿಂದ ಬೆಳೆದ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯ ಬಹುಕಾಲ ಚೇಪಾಕಿನ ಮದರಾಸು ವಿಶ್ವವಿದ್ಯಾಲಯದ ಆವರಣದಲ್ಲಿತ್ತು. ಈಗ ಕೊಟ್ಟೂರುಪುರಂನ ಅಣ್ಣಾ ಶತಮಾನೋತ್ಸವ ಗ್ರಂಥಾಲಯದ ಕಟ್ಟಡದಲ್ಲಿದೆ. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿದ ಮೇಲೆ ಅವು ಚೆನ್ನೈಗೆ ಹೋಗದವರಿಗೂ ಸಿಕ್ಕಿವೆ.

ಅಚ್ಚಿನ ಪುಟದಲ್ಲಿ ಎಲ್ಲ ಅಕ್ಷರವೂ ಒಂದೇ ಕಪ್ಪು. ಯಾವುದು ಶಾನುಭೋಗ ಹೇಳಿದ್ದು, ಯಾವುದು ಗುಮಾಸ್ತ ಸೇರಿಸಿದ್ದು, ಯಾವುದು ಹುಳು ತಿಂದ ಜಾಗಕ್ಕೆ ಪ್ರತಿಕಾರ ತುಂಬಿದ್ದು ಎಂಬುದು ಅಲ್ಲಿ ಕಾಣುವುದಿಲ್ಲ. ಒಂದು ಊರಿನ ಕೆರೆ ಕಟ್ಟಿಸಿದವರು ಯಾರು, ಗುಡಿಯ ಇನಾಮು ಯಾರದು ಎಂಬ ಜಗಳ ಇಂಥ ಒಂದು ಸಾಲಿನ ಮೇಲೆ ನಿಂತಾಗ, ಅಚ್ಚಿನ ಪುಸ್ತಕವನ್ನು ಮುಚ್ಚಿಟ್ಟು ಕೊಟ್ಟೂರುಪುರಂನಲ್ಲಿ ಆ ಹಾಳೆಯನ್ನೇ ತರಿಸಿ ನೋಡಬೇಕಾಗುತ್ತದೆ.